ದಂಗೆಗಳು ಯಾಕೆ ಸೋತವು ಅಂತ ಕೇಳಿದೆಯಲ್ಲ ತಮ್ಮಾ

ಅಣ್ಣಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಮಾತಾಡುತ್ತೇನೆ. ಡಬ್ಲಿನ್‌ಗೆ ಬಂದು ಮೂರು ವಾರ ಆಯ್ತು, ಬಾಡಿಗೆ ಮನೆ ಸಿಗುತ್ತಿಲ್ಲ, ಮಳೆಗೆ ಏನು ಮಾಡಲಿ, ಬೇಳೆ ಎಲ್ಲಿ ಸಿಗುತ್ತದೆ ಅಂತೆಲ್ಲ ಕೇಳಿದ್ದೀಯ. ಕೊನೆಗೆ ಇನ್ನೊಂದು. ಆಫೀಸಿನವರು ಕಿಲ್‌ಮೇನಂ ಜೈಲು ತೋರಿಸಿದರು, ಅಲ್ಲಿ ಕೇಳಿದ್ದೆಲ್ಲ ಇಂಗ್ಲಿಷರ ಆಳ್ವಿಕೆಯ ವಿರುದ್ಧ ಎದ್ದು ಸೋತ ದಂಗೆಗಳ ಕಥೆ, ಐರಿಶರು ಅಷ್ಟು ಸಲ ಯಾಕೆ ಸೋತರು, ಟೀಂನ ಹುಡುಗರನ್ನೇ ಕೇಳಬಹುದಾ ಅಂತ.

ಸಣ್ಣವು ಮೊದಲು. ಮನೆ ಕಣ್ಣಾರೆ ನೋಡದೆ ಯಾರಿಗೂ ಅಡ್ವಾನ್ಸ್ ಕಳಿಸಬೇಡ. ಕೊಡೆ ಕೊಳ್ಳಬೇಡ, ಇಲ್ಲಿನ ಗಾಳಿಗೆ ಒಂದು ದಿನವೂ ಬಾಳುವುದಿಲ್ಲ. ಟೋಪಿ ಇರುವ ಜಾಕೆಟ್ ತಗೋ. ತೊಗರಿಬೇಳೆ ಮೂರ್ ಸ್ಟ್ರೀಟ್ ಕಡೆ ಸಿಗುತ್ತದೆ. 1916ರಲ್ಲಿ ದೊಡ್ಡ ಅಂಚೆ ಕಚೇರಿ ಹೊತ್ತಿ ಉರಿಯುವಾಗ ದಂಗೆಯವರು ಅದೇ ಬೀದಿಗೆ ಓಡಿಬಂದರು. ಗೋಡೆಗೆ ಕನ್ನ ಹಾಕಿ ಮನೆಯಿಂದ ಮನೆಗೆ ನುಸುಳಿ, ಕೊನೆಗೆ ಶರಣಾಗೋಣ ಅಂತ ತೀರ್ಮಾನಿಸಿದ್ದೂ ಅಲ್ಲೇ. ಬೇಳೆ ತರಲು ಹೋದಾಗ ಸ್ವಲ್ಪ ತಲೆ ಎತ್ತಿ ನೋಡು.

ಸೋತದ್ದಕ್ಕೆ ಕಾರಣ ಒಂದೇ ಅಲ್ಲ. ಹೊರಗಿನ ನೆರವು ಬಂದರೆ ತಪ್ಪು ಜಾಗಕ್ಕೆ, ಇಲ್ಲವೇ ತಪ್ಪು ಹೊತ್ತಿಗೆ. 1601ರಲ್ಲಿ ಸ್ಪೇನಿನ ಸೈನ್ಯ ಇಳಿದದ್ದು ದಕ್ಷಿಣದ ಕಿನ್ಸೇಲ್‌ನಲ್ಲಿ. ಕಾದಾಡುತ್ತಿದ್ದ ಐರಿಶ್ ನಾಯಕರು ಓನೀಲ್, ಓಡಾನೆಲ್ ಇದ್ದದ್ದು ಉತ್ತರದ ಅಲ್ಸ್ಟರ್‌ನಲ್ಲಿ. ಚಳಿಗಾಲದಲ್ಲಿ ಇಡೀ ದೇಶ ನಡೆದು ಬಂದು ಸೋತರು. 1796ರಲ್ಲಿ ದಂಗೆಯ ಮುಖಂಡ ವುಲ್ಫ್ ಟೋನ್ ಫ್ರಾನ್ಸಿನ ಸುಮಾರು 14,000 ಸೈನಿಕರ ಜೊತೆ ಬಂದ. ಬಾಂಟ್ರಿ ಕೊಲ್ಲಿಯಲ್ಲಿ ದಡ ಕಣ್ಣೆದುರೇ ಇತ್ತು, ಬಿರುಗಾಳಿ ಇಳಿಯಲು ಬಿಡಲಿಲ್ಲ. ಗಾಳಿ ಬಗ್ಗೆ ಆಗಲೇ ಹೇಳಿದೆನಲ್ಲ! 1798ರಲ್ಲಿ ಜನ ನಿಜವಾಗಿ ಎದ್ದರು. ಆದರೆ ಫ್ರೆಂಚರು ಬಂದದ್ದು ಆಗಸ್ಟ್‌ನಲ್ಲಿ, ಅದೂ ಸುಮಾರು ಸಾವಿರ ಮಂದಿ. ಅಷ್ಟರಲ್ಲಿ ವೆಕ್ಸ್‌ಫರ್ಡ್‌ನವರು ವಿನೆಗರ್ ಹಿಲ್‌ನಲ್ಲಿ ಸೋತು ಎರಡು ತಿಂಗಳಾಗಿತ್ತು. 1848ರಲ್ಲಿ ಎದ್ದಾಗ ಆಲೂಗಡ್ಡೆ ಬೆಳೆ ಹಾಳಾಗಿ ದೇಶಕ್ಕೆ ಬರ. ಹೊಟ್ಟೆಗಿಲ್ಲದವರು ಎಷ್ಟು ಹೊತ್ತು ನಿಂತಾರು? 1916ರಲ್ಲಂತೂ ಸ್ವಯಂಸೇವಕ ಪಡೆಯ ಮುಖಂಡ ಓಯನ್ ಮೆಕ್‌ನೀಲ್ ತಾನೇ ಭಾನುವಾರದ ಪತ್ರಿಕೆಯಲ್ಲಿ, ಯಾರೂ ಹೊರಡಬೇಡಿ ಅಂತ ಹಾಕಿಸಿದ.

ಇನ್ನೊಂದು ಕಾರಣ ಇನ್ಫಾರ್ಮರ್‌ಗಳು, ಅಂದರೆ ಸುದ್ದಿ ಮುಟ್ಟಿಸುವವರು. 1798ರ ದಂಗೆಗೆ ಎರಡು ತಿಂಗಳ ಮೊದಲೇ ಲೀನ್ಸ್ಟರ್, ಅಂದರೆ ಡಬ್ಲಿನ್ ಇರುವ ಪ್ರಾಂತ್ಯದ ಮುಖಂಡರು ಡಬ್ಲಿನ್‌ನ ಒಂದೇ ಮನೆಯಲ್ಲಿ ಸಿಕ್ಕಿಬಿದ್ದರು. ಒಳಗಿನವನೇ ಹೇಳಿಕೊಟ್ಟಿದ್ದ. ಲೆನರ್ಡ್ ಮೆಕ್‌ನಾಲಿ ಅಂತ ಒಬ್ಬ ವಕೀಲ, ಹಗಲು ಕೋರ್ಟಿನಲ್ಲಿ ಅವರ ಪರ ವಾದ, ಹಿಂದಿನಿಂದ ಸರ್ಕಾರದ ದುಡ್ಡು. ಗೊತ್ತಾದದ್ದು ಅವನು 1820ರಲ್ಲಿ ಸತ್ತ ಮೇಲೆ.

ಇದನ್ನೆಲ್ಲ ನಾನೂ ಬಂದ ಹೊಸತರಲ್ಲಿ ಓದಿಕೊಂಡೆ. 2003. ಒಬ್ಬ ಮುದುಕನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಒಂದು ಭಾನುವಾರ ಕೆಳಗೆ ಕರೆದು ಸೂಪ್ ಕೊಟ್ಟ. ನಾನೋ ಎರಡು ಪುಸ್ತಕ ಓದಿದ ಪಂಡಿತ. ನಿಮ್ಮವರಲ್ಲೇ ದ್ರೋಹಿಗಳು ಜಾಸ್ತಿ ಇದ್ದರಲ್ವಾ, ನಮ್ಮಲ್ಲಿ ರಾಯಣ್ಣನನ್ನು ಹಿಡಿದುಕೊಟ್ಟವರ ಹಾಗೆ, ಅಂತ ನಗುತ್ತಾ ಹೇಳಿಬಿಟ್ಟೆ. ಅವನು ಚಮಚ ಕೆಳಗಿಟ್ಟ. "ನನ್ನ ಅಜ್ಜ ಆರ್‌ಐಸಿ ಪೊಲೀಸ್. ಆರು ಮಕ್ಕಳಿದ್ದವು" ಅಂದ. ಆಮೇಲೆ ಮಳೆಯ ಮಾತು ತೆಗೆದ.

ಆರ್‌ಐಸಿ ಅಂದರೆ ಬ್ರಿಟಿಷರ ಕಾಲದ ಐರಿಶ್ ಪೊಲೀಸ್ ಪಡೆ. ಅದರಲ್ಲಿ ಹೆಚ್ಚಿನವರು ಇಲ್ಲಿಯ ಕ್ಯಾಥೊಲಿಕ್ ರೈತರ ಮಕ್ಕಳೇ. ಸ್ವಂತ ಜಿಲ್ಲೆಗೆ ಹಾಕುತ್ತಿರಲಿಲ್ಲ. ಆದರೂ ಠಾಣೆ ಊರೊಳಗೇ, ಯಾರ ಮನೆಗೆ ಯಾರು ಬಂದರು ಅಂತ ಎಲ್ಲ ಗೊತ್ತು. 1916ರಲ್ಲಿ ದಂಗೆಯವರ ಮೇಲೆ ಗುಂಡು ಹಾರಿಸಿದವರಲ್ಲೂ ಬ್ರಿಟಿಷ್ ಸೈನ್ಯದ ಐರಿಶ್ ರೆಜಿಮೆಂಟುಗಳಿದ್ದವು. ಶರಣಾದವರನ್ನು ಬೀದಿಯಲ್ಲಿ ಬೈದವರಲ್ಲಿ ಸೈನಿಕರ ಹೆಂಡತಿಯರಿದ್ದರು. ಗಂಡ ಬ್ರಿಟಿಷ್ ಸೈನ್ಯದ ಜೊತೆ ಫ್ರಾನ್ಸಿನಲ್ಲಿ ಮೊದಲ ಮಹಾಯುದ್ಧಕ್ಕೆ, ಮನೆಯಲ್ಲಿ ಒಲೆ ಉರಿಯುವುದು ಸರ್ಕಾರದ ಭತ್ಯೆಯಲ್ಲಿ. ಬೈಯುವವರು ಸುಮ್ಮನಾದದ್ದು ನೀನು ನೋಡಿಬಂದ ಆ ಜೈಲಿನ ಅಂಗಳದಲ್ಲಿ ದಂಗೆಯ 14 ಜನರನ್ನು ಗುಂಡಿಟ್ಟು ಕೊಂದ ಮೇಲೆ. 1918ರ ಚುನಾವಣೆಯಲ್ಲಿ ಸ್ವಾತಂತ್ರ್ಯ ಕೇಳುತ್ತಿದ್ದ ಪಕ್ಷ ಶಿನ್ ಫೇನ್‌ಗೆ 105ರಲ್ಲಿ 73 ಸೀಟು ಬಂತು. ಆಮೇಲೆ ಡಬ್ಲಿನ್ ಪೊಲೀಸರೊಳಗಿಂದಲೇ ಹೋರಾಟದವರ ಗೂಢಚಾರ ಕೆಲಸ ನೋಡಿಕೊಳ್ಳುತ್ತಿದ್ದ ಮೈಕೆಲ್ ಕಾಲಿನ್ಸ್‌ಗೆ ಸುದ್ದಿ ಹೋಗತೊಡಗಿತು. ಸುದ್ದಿ ತಿರುಗಿ ಹರಿಯಿತು ನೋಡು, ಅಲ್ಲಿಗೆ ಲೆಕ್ಕವೇ ಬೇರೆಯಾಯಿತು.

ನನ್ನ ಸಂಕಟ ಬೇರೆ. ನಮ್ಮಜ್ಜನೂ 1942ರಲ್ಲಿ ಧಾರವಾಡದಲ್ಲಿ ಕಾನ್‌ಸ್ಟೇಬಲ್. ಚಲೇಜಾವ್ ಮೆರವಣಿಗೆಯ ಮುಂದೆ ಲಾಠಿ ಹಿಡಿದು ನಿಂತವನು. ನಮ್ಮ ಮನೆಯಲ್ಲಿ ಆ ಮಾತು ಯಾರೂ ಎತ್ತುವುದಿಲ್ಲ, ಸಮವಸ್ತ್ರದ ಫೋಟೊ ಟ್ರಂಕಿನ ತಳದಲ್ಲಿದೆ. ಆ ಭಾನುವಾರ ಅಷ್ಟನ್ನು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಸೂಪ್ ಕುಡಿದು, ಬಟ್ಟಲು ತೊಳೆದಿಟ್ಟು ಮೇಲೆ ಹೋದೆ. ಅವನು ಮತ್ತೆ ಕರೆಯಲಿಲ್ಲ. ನಾನು ಮನೆ ಬಿಟ್ಟ ಮೂರನೇ ವರ್ಷಕ್ಕೆ ತೀರಿಕೊಂಡನಂತೆ.

ಟೀಂನವರನ್ನು ಕೇಳು, ಬೇಡ ಅನ್ನುವುದಿಲ್ಲ. ಯಾಕೆ ಸೋತಿರಿ ಅಂತ ಮಾತ್ರ ಶುರು ಮಾಡಬೇಡ. ಅವರ ಊರು ಯಾವುದು ಕೇಳು, ಅಲ್ಲಿ ಏನಾಯಿತು ಅಂತ ಅವರೇ ಹೇಳುತ್ತಾರೆ. ಇನ್ಫಾರ್ಮರ್ ಅನ್ನುವ ಮಾತು ತಮಾಷೆಗೂ ಬೇಡ.

ಮನೆ ವಿಷಯಕ್ಕೆ, ಆ ಮಹಡಿ ಈಗ ಖಾಲಿ ಇದೆಯೋ ಅಂತ ಮುದುಕನ ಮಗಳನ್ನು ಕೇಳಿ ನೋಡುತ್ತೇನೆ. ನಂಬರ್ ಇದೆ. ಇಷ್ಟು ವರ್ಷ ಫೋನ್ ಮಾಡಲು ಒಂದು ನೆಪ ಸಿಕ್ಕಿರಲಿಲ್ಲ.