ಸಿಯಾಟಲ್‌ನ ಕರೆಂಟ್ ಯಾರದ್ದು?

ಪ್ರಶ್ನೆ: ಅಮೆರಿಕದ ಸಿಯಾಟಲ್‌ನಲ್ಲಿರುವ ಮಗಳು ‘ಇಲ್ಲಿ ಕರೆಂಟ್ ಕಂಪನಿ ಊರಿನದ್ದೇ ಅಪ್ಪಾ, ಅದೂ ನೀರಿನ ಕರೆಂಟು’ ಅಂತಾಳೆ. ನಿಜವಾ? ನಮ್ಮಲ್ಲೂ ಹಾಗಿದೆಯಾ?

ಉತ್ತರ: ನಿಜ. 1902ರಲ್ಲೇ ಆ ಊರಿನವರು ಮತ ಹಾಕಿ, ಸಾಲ ಎತ್ತಿ ಸೀಡರ್ ನದಿಯಲ್ಲಿ ವಿದ್ಯುತ್ ಘಟಕ ಕಟ್ಟಲು ಒಪ್ಪಿದರು. 1905ರಲ್ಲಿ ಬೀದಿ ದೀಪ ಹತ್ತಿದವು. ಈಗಲೂ ಜಾಸ್ತಿ ಕರೆಂಟ್ ನೀರಿನದ್ದೇ, ಸ್ಕ್ಯಾಗಿಟ್ ನದಿಯ ರಾಸ್, ಡಯಾಬ್ಲೊ, ಗಾರ್ಜ್ ಅಣೆಕಟ್ಟುಗಳು ಊರಿನವು. ದರ ಏರಿಸುವುದು ನಗರಸಭೆ, ಅಂದರೆ ಮತ ಕೇಳಲು ಬಂದವರನ್ನೇ ಹಿಡಿದು ‘ಯಾಕಪ್ಪಾ ಏರಿಸಿದೆ’ ಅಂತ ಕೇಳಬಹುದು! ಹಾಗಂತ ಎಲ್ಲ ಸಲೀಸಲ್ಲ, ಅಣೆಕಟ್ಟುಗಳು ಮೀನುಗಳ ದಾರಿಗೆ ಅಡ್ಡ ಬಂದಿದ್ದಕ್ಕೆ ಅಲ್ಲಿನ ಮೂಲನಿವಾಸಿಗಳ ಜತೆ ವ್ಯಾಜ್ಯವೂ ಆಯಿತು.

ನಮ್ಮಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇದೆ. ಆದರೆ ಅದಕ್ಕೆ ಸ್ವಂತ ಅಣೆಕಟ್ಟಿಲ್ಲ, ಕರೆಂಟ್ ಕೊಂಡು ತಂದು ಹಂಚುತ್ತದೆ.