ಕೋಡಿಂಗ್ ಬರದೆ ಮೆಷಿನ್ ಲರ್ನಿಂಗ್ ಶುರು ಮಾಡುವವರಿಗೆ ನನ್ನ ಉತ್ತರ

"ಕೋಡಿಂಗ್ ಬರಲ್ಲ, ಮೆಷಿನ್ ಲರ್ನಿಂಗ್ ಕಲಿಯುವ ಆಸೆ ಇದೆ, ಮೊದಲು ಪೈಥಾನ್ ಮುಗಿಸಲೇಬೇಕಾ?" ಅಂತ ಕೇಳಿದ್ದೀರಿ. ಬೇಡ. ಪೈಥಾನ್ ಎಂಬ ಕೋಡಿಂಗ್ ಭಾಷೆ ಮುಂದೆ ಬೇಕಾಗುತ್ತದೆ, ಶುರು ಮಾಡಲು ಬೇಡ. ಕೋಡ್ ಬರೆಯದೆ, ಪರದೆಯ ಮೇಲೆ ಗೆರೆ ಎಳೆದು ಜೋಡಿಸುವ ಟೂಲ್‌ಗಳಿಂದ ಏನೂ ಬರಲ್ಲ ಎಂದು ಇದೇ ಪ್ರಶ್ನೆಗೆ ಇನ್ನೊಬ್ಬರು ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾನು ಪೈಥಾನ್, ಮೆಷಿನ್ ಲರ್ನಿಂಗ್ ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿದ್ದೆ. ಎಲ್ಲೋ ಬಿಟ್ಟುಹೋದ ಒಂದು ಕಮಾ ಹುಡುಕುವುದರಲ್ಲೇ ಸಂಜೆ ಕಳೆಯುತ್ತಿತ್ತು. ಮಾಡೆಲ್ (ಡೇಟಾದಿಂದ ಕಲಿತು ಉತ್ತರ ಹೇಳುವ ಪ್ರೋಗ್ರಾಂ) ಯಾಕೆ ತಪ್ಪು ಹೇಳುತ್ತಿದೆ ಎಂದು ಯೋಚಿಸುವ ಹೊತ್ತಿಗೆ ತಲೆ ದಣಿದಿರುತ್ತಿತ್ತು. ಕಲಿಯಬೇಕಾದ್ದು ಆ ಎರಡನೆಯದನ್ನೇ ಅಲ್ವಾ?

ಮೊದಲ ದಿನ ಗೂಗಲ್‌ನ ಟೀಚಬಲ್ ಮೆಷಿನ್ ತೆರೆಯಿರಿ. ಬ್ರೌಸರ್‌ನಲ್ಲೇ ನಡೆಯುತ್ತದೆ. ಕ್ಯಾಮೆರಾಕ್ಕೆ ಲೋಟ ಒಂದಷ್ಟು ಸಲ, ಪೆನ್ನು ಒಂದಷ್ಟು ಸಲ ತೋರಿಸಿ, ಟ್ರೈನ್ (ಕಲಿಸು) ಒತ್ತಿ. ಆಮೇಲೆ ಬೇಕಂತಲೇ ಕೆಡಿಸಿ ನೋಡಿ. ಲೋಟದ ಚಿತ್ರಗಳನ್ನೆಲ್ಲ ಬೆಳಕಿನಲ್ಲಿ, ಪೆನ್ನಿನವನ್ನು ಕತ್ತಲಲ್ಲಿ ತೆಗೆದು ಮತ್ತೆ ಕಲಿಸಿ. ಈಗ ಕತ್ತಲಲ್ಲಿ ಲೋಟ ಹಿಡಿದರೆ ಅದು ಪೆನ್ನು ಎಂದರೂ ಎನ್ನಬಹುದು. ಲೋಟದ ಬದಲು ಬೆಳಕನ್ನು ಕಲಿತಿರುತ್ತದೆ. ಇದಕ್ಕೆ ಒಂದು ಸಂಜೆ ಸಾಕು.

ನಿಜವಾದ ಕಲಿಕೆ ಆರೆಂಜ್ ಎಂಬ ಸಾಫ್ಟ್‌ವೇರ್‌ನಲ್ಲಿ. ಸ್ಲೊವೇನಿಯಾದ ಲ್ಯುಬ್ಲಿಯಾನಾ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ. ಒಂದೊಂದು ಕೆಲಸಕ್ಕೂ ಒಂದು ವಿಜೆಟ್, ಅಂದರೆ ಪುಟ್ಟ ಐಕಾನ್ ಇರುತ್ತದೆ, ಅವುಗಳ ನಡುವೆ ಗೆರೆ ಎಳೆದರೆ ಡೇಟಾ ಹರಿಯುತ್ತದೆ. ಕೋಡ್ ಬೇಡದ ಇಂಥದ್ದೇ ಟೂಲ್‌ಗಳಾದ ವೇಕಾ, ನೈಮ್ ಕೂಡ ಒಳ್ಳೆಯವೇ. ಆದರೆ ಹೊಸಬರಿಗೆ ನಾನು ಹೇಳುವುದು ಆರೆಂಜ್ ಒಂದೇ. ಮೂರನ್ನೂ ಇನ್‌ಸ್ಟಾಲ್ ಮಾಡಿಕೊಂಡು ಕೂರಬೇಡಿ.

ಫೈಲ್ ವಿಜೆಟ್‌ನಲ್ಲಿ ಐರಿಸ್ ಎಂಬ ಹೂವಿನ ಡೇಟಾ ಸಿಗುತ್ತದೆ. 3 ಜಾತಿ, ತಲಾ 50ರಂತೆ 150 ಹೂಗಳು. ಹೊರ ಎಸಳು, ಒಳ ಎಸಳುಗಳ ಉದ್ದ ಅಗಲ ಅಳೆದಿದ್ದಾರೆ. ಸಂಖ್ಯಾಶಾಸ್ತ್ರಜ್ಞ ಫಿಶರ್ 1936ರಲ್ಲಿ ಪ್ರಕಟಿಸಿದ ಡೇಟಾ ಇದು, ಹಳೆಯದಾದರೂ ಕಲಿಯಲು ಚೆನ್ನಾಗಿದೆ. ಮೊದಲು ಸ್ಕ್ಯಾಟರ್ ಪ್ಲಾಟ್‌ಗೆ (ಒಂದೊಂದು ಹೂವನ್ನೂ ಒಂದು ಚುಕ್ಕೆಯಾಗಿ ತೋರಿಸುವ ನಕ್ಷೆ) ಜೋಡಿಸಿ ಒಳ ಎಸಳಿನ ಉದ್ದ, ಅಗಲ ಹಾಕಿ. ಸೆಟೋಸಾ ಜಾತಿ ಬೇರೆಯಾಗಿ ನಿಲ್ಲುತ್ತದೆ. ಉಳಿದ ಎರಡು, ವರ್ಸಿಕಲರ್, ವರ್ಜಿನಿಕಾ, ಗಡಿಯಲ್ಲಿ ಬೆರೆಯುತ್ತವೆ. ಮಾಡೆಲ್ ಎಲ್ಲಿ ಎಡವುತ್ತದೆ ಎಂದು ನೀವೇ ಊಹಿಸಬಹುದು.

ಈಗ ಫೈಲ್‌ನಿಂದ ಟೆಸ್ಟ್ ಆಂಡ್ ಸ್ಕೋರ್‌ಗೆ (ಪರೀಕ್ಷಿಸಿ ಅಂಕ ಕೊಡುವ ವಿಜೆಟ್) ಒಂದು ಗೆರೆ, ಕೆ-ಎನ್‌ಎನ್‌ನಿಂದ (ಹತ್ತಿರದ ನೆರೆಯವರನ್ನು ನೋಡಿ ಉತ್ತರ ಹೇಳುವ ವಿಧಾನ) ಅದಕ್ಕೇ ಇನ್ನೊಂದು. ಇಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ: ಕೆ-ಎನ್‌ಎನ್‌ಗೆ ಡೇಟಾ ಕೊಡಬೇಕಾಗಿಲ್ಲ. ಅದು ಕಲಿಯುವ ವಿಧಾನವನ್ನಷ್ಟೇ ಕಳಿಸುತ್ತದೆ, ಕಲಿಸುವ ಕೆಲಸ ಟೆಸ್ಟ್ ಆಂಡ್ ಸ್ಕೋರ್‌ನದು.

ಕೆ-ಎನ್‌ಎನ್‌ನಲ್ಲಿ ನೆರೆಯವರ ಸಂಖ್ಯೆ 1 ಮಾಡಿ. ಕಲಿತ ಡೇಟಾ ಮೇಲೇ ಪರೀಕ್ಷಿಸುವ ಆಯ್ಕೆ ಒತ್ತಿ. ನಿಖರತೆ 1.000, ಅಂದರೆ ನೂರಕ್ಕೆ ನೂರು! ಖುಷಿಪಡಬೇಡಿ. ಪ್ರತಿ ಹೂವಿಗೂ ಹತ್ತಿರದ ನೆರೆ ಅದೇ ಹೂವು, ಉತ್ತರ ನೋಡಿಕೊಂಡೇ ಬರೆದಂತೆ. ಕ್ರಾಸ್ ವ್ಯಾಲಿಡೇಶನ್ ಒತ್ತಿ. ಡೇಟಾವನ್ನು, 5 ಎಂದು ಕೊಟ್ಟರೆ, 5 ಭಾಗ ಮಾಡಿ, ನಾಲ್ಕರಿಂದ ಕಲಿಸಿ ಉಳಿದೊಂದರ ಮೇಲೆ ಪರೀಕ್ಷಿಸುತ್ತದೆ, ಹೀಗೆ ಸರದಿಯಂತೆ. ಈಗ ನೂರಕ್ಕೆ 95ರ ಆಸುಪಾಸು ಬರುತ್ತದೆ. ನಂಬಬೇಕಾದ ಅಂಕಿ ಇದು.

ಇನ್ನೂ ಒಂದು ಹೆಜ್ಜೆ ಹೋಗಿ. ನನಗೆ ಇದೆಲ್ಲ ಮನಸ್ಸಿಗೆ ಇಳಿದಿದ್ದೇ ಇಲ್ಲಿ. ಫೈಲ್ ಮತ್ತು ಟೆಸ್ಟ್ ಆಂಡ್ ಸ್ಕೋರ್ ನಡುವಿನ ಗೆರೆ ಅಳಿಸಿ, ಮಧ್ಯೆ ರ‍್ಯಾಂಡಮೈಜ್ ವಿಜೆಟ್ ಜೋಡಿಸಿ. ಅದು ಹೂಗಳ ಹೆಸರುಗಳನ್ನು ಕಲಸಿಬಿಡುತ್ತದೆ. ಈಗ ಕಲಿಯಲು ಏನೂ ಇಲ್ಲ. ಆದರೂ ಕಲಿತ ಡೇಟಾ ಮೇಲೆ ಪರೀಕ್ಷಿಸಿದರೆ ಅಂಕ 1ರ ಹತ್ತಿರವೇ ಇರುತ್ತದೆ! ಕ್ರಾಸ್ ವ್ಯಾಲಿಡೇಶನ್‌ನಲ್ಲಿ ಮಾತ್ರ ಮೂರರಲ್ಲೊಂದರ ಆಸುಪಾಸಿಗೆ ಕುಸಿಯುತ್ತದೆ. ಬಾಯಿಪಾಠಕ್ಕೂ ಕಲಿಕೆಗೂ ಇರುವ ವ್ಯತ್ಯಾಸ ಎರಡು ಕ್ಲಿಕ್‌ನಲ್ಲಿ ಕಣ್ಣೆದುರು ಬರುತ್ತದೆ.

ರ‍್ಯಾಂಡಮೈಜ್ ತೆಗೆದು ಫೈಲನ್ನು ಮೊದಲಿನಂತೆ ಜೋಡಿಸಿ, ಕ್ರಾಸ್ ವ್ಯಾಲಿಡೇಶನ್‌ಗೆ ಮರಳಿ, ಕನ್‌ಫ್ಯೂಷನ್ ಮ್ಯಾಟ್ರಿಕ್ಸ್ (ಯಾವ ಜಾತಿಯನ್ನು ಎಷ್ಟು ಸಲ ಯಾವುದೆಂದು ಹೇಳಿತು ಎಂಬ ಕೋಷ್ಟಕ) ಸೇರಿಸಿ. ತಪ್ಪು ಉತ್ತರಗಳ ಚೌಕದ ಮೇಲೆ ಒತ್ತಿದರೆ ಆ ಹೂಗಳನ್ನು ಸ್ಕ್ಯಾಟರ್ ಪ್ಲಾಟ್‌ಗೆ ಕಳಿಸಿ ನೋಡಬಹುದು. ಹೆಚ್ಚಿನವು ಮೊದಲು ಕಂಡ ಗಡಿಯಲ್ಲೇ ಇರುತ್ತವೆ. ಇದೇ ಕೆಲಸಕ್ಕೆ ಕೋಡ್‌ನಲ್ಲಿ ಹಲವು ಸಾಲು ಬೇಕು.

ಸುಮ್ನೆ ವಿಜೆಟ್‌ಗಳನ್ನು ಬದಲಿಸಿ ಜಾಸ್ತಿ ಅಂಕ ಬಂದದ್ದನ್ನು ಆರಿಸುವ ಅಭ್ಯಾಸ ಮಾತ್ರ ಬೇಡ. ಬದಲಿಸುವ ಮೊದಲು ಏನಾಗಬಹುದು ಎಂದು ಬರೆದಿಟ್ಟುಕೊಳ್ಳಿ, ಆಮೇಲೆ ಒತ್ತಿ.

ಪೈಥಾನ್‌ಗೆ ಯಾವಾಗ ಹೋಗಬೇಕು? ಒಂದೇ ಕೆಲಸವನ್ನು ಹತ್ತು ಫೈಲ್‌ಗಳಿಗೆ ಕೈಯಲ್ಲಿ ಮಾಡುತ್ತಾ ಬೇಸರ ಬಂದಾಗ, ಅಥವಾ ಬೇಕಾದ ವಿಜೆಟ್ ಸಿಗದಾಗ. ಆರೆಂಜ್ ಇರುವುದೂ ಪೈಥಾನ್ ಮೇಲೆಯೇ, ಅದರ ಹಲವು ಮಾಡೆಲ್‌ಗಳು ಪೈಥಾನ್‌ನ ಮೆಷಿನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್‌ನಿಂದ ಬಂದವು. ಐರಿಸ್ ಅಲ್ಲೂ ಸಿಗುತ್ತದೆ. ಹಾಗಾಗಿ ಮೊದಲ ಕೋಡ್ ಆಗಿ ಇದೇ ಪ್ರಯೋಗವನ್ನು ಬರೆಯಿರಿ. ಅಂಕಿ ಆರೆಂಜ್‌ನದಕ್ಕೆ ಹತ್ತಿರ ಬಂದರೆ ಕೋಡ್ ಸರಿ ಇದೆ ಎಂದು ಸ್ವಲ್ಪ ಧೈರ್ಯ. ತುಂಬಾ ದೂರವಿದ್ದರೆ ಎಲ್ಲೋ ತಪ್ಪಿದೆ, ಹುಡುಕಿ.

ರ‍್ಯಾಂಡಮೈಜ್ ಪ್ರಯೋಗ ಮಾಡಿದ ಮೇಲೆ ನಿಮ್ಮ ಎರಡೂ ಅಂಕಿಗಳನ್ನು ಇಲ್ಲೇ ಹಾಕಿ, ನೋಡುತ್ತೇನೆ.