ಸರ್ಕಾರದ ಕಿವಿ ಯಾರ ಕಡೆಗಿದೆ?

ಹೋದ ಸಂಚಿಕೆಯಲ್ಲಿ "ಕಂಪನಿ, ಸರ್ಕಾರ, ನಾವು" ಎಂಬ ವಿಷಯಕ್ಕೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಕಾಗದಗಳಲ್ಲಿ ಅರ್ಧ ಬರೀ ಬೈಗುಳ. ಅವನ್ನು ಪಕ್ಕಕ್ಕಿಟ್ಟು ಉಳಿದವುಗಳಲ್ಲಿ ಐದನ್ನು ಆರಿಸಿದ್ದೇವೆ.

*ನಮ್ಮ ಬೀದಿಯ ಚರಂಡಿಗಾಗಿ ಮೂರು ವರ್ಷದಿಂದ ಅರ್ಜಿ ಕೊಡುತ್ತಿದ್ದೇನೆ. ದೊಡ್ಡ ಕಂಪನಿಯವರು ಒಂದು ಮಾತು ಹೇಳಿದರೆ ಸರ್ಕಾರ ಎದ್ದು ನಿಲ್ಲುತ್ತದೆ. ಇದು ನಿಜವೋ, ನನ್ನ ಹೊಟ್ಟೆಕಿಚ್ಚೋ? — ನಿವೃತ್ತ ಮೇಷ್ಟ್ರು, ತುಮಕೂರು*

ಹೊಟ್ಟೆಕಿಚ್ಚಲ್ಲ ಮೇಷ್ಟ್ರೇ. ಎರಡು ಜುಲೈ ತಿಂಗಳ ಕಥೆ ಹೇಳುತ್ತೇನೆ, ಲೆಕ್ಕ ನೀವೇ ಹಾಕಿ.

2024ರ ಜುಲೈ 15ರಂದು ನಮ್ಮ ರಾಜ್ಯದ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳ ಮ್ಯಾನೇಜರ್ ಮಟ್ಟದ ಕೆಲಸದಲ್ಲಿ ಶೇ 50, ಉಳಿದ ಕೆಲಸದಲ್ಲಿ ಶೇ 70 ಸ್ಥಳೀಯರಿಗೆ ಸಿಗಬೇಕು ಅನ್ನುವ ಮಸೂದೆ. ಸುದ್ದಿ ಹೊರಬಿದ್ದ ಕೂಡಲೇ ಉದ್ಯಮಿಗಳು ಎಕ್ಸ್‌ನಲ್ಲಿ ಬರೆಯತೊಡಗಿದರು. ಹೀಗಾದರೆ ಕಂಪನಿಗಳು ಬೇರೆ ಕಡೆ ಹೋಗಬೇಕಾದೀತು ಎಂದು ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಹೇಳಿತು. ಆಂಧ್ರದ ಮಂತ್ರಿ ನಾರಾ ಲೋಕೇಶ್ "ವಿಶಾಖಪಟ್ಟಣಕ್ಕೆ ಬನ್ನಿ" ಎಂದು ಬಾಗಿಲು ತೆರೆದು ನಿಂತರು. 17ರ ಸಂಜೆಗೆಲ್ಲ ಮಸೂದೆಗೆ ತಡೆ ಬಿತ್ತು. ಎರಡು ದಿನ, ಅಷ್ಟೇ.

ಇನ್ನೊಂದು ಜುಲೈ 2025ರದ್ದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ, 13 ಹಳ್ಳಿ, 1,777 ಎಕರೆ. ಏರೋಸ್ಪೇಸ್ ಪಾರ್ಕಿಗೆ ಬೇಕು ಎಂದು ಕೆಐಎಡಿಬಿ, ಅಂದರೆ ಕೈಗಾರಿಕೆಗೆ ಜಮೀನು ಹೊಂದಿಸುವ ರಾಜ್ಯದ ಮಂಡಳಿ, ನೋಟಿಸು ಕೊಟ್ಟಿತ್ತು. ರೈತರು ಧರಣಿ ಕೂತದ್ದು 2022ರ ಏಪ್ರಿಲ್ 4ಕ್ಕೆ. ಆಗ ಅಧಿಕಾರದಲ್ಲಿದ್ದದ್ದು ಒಂದು ಪಕ್ಷ, ಆಮೇಲೆ ಬಂದದ್ದು ಇನ್ನೊಂದು. ವಿರೋಧ ಪಕ್ಷದಲ್ಲಿದ್ದಾಗ ಧರಣಿಗೆ ಬಂದು ಬೆಂಬಲ ಕೊಟ್ಟಿದ್ದ ಸಿದ್ದರಾಮಯ್ಯನವರೇ ಮುಖ್ಯಮಂತ್ರಿ ಆದರು, ಆದರೂ ಧರಣಿ ನಿಲ್ಲಲಿಲ್ಲ, ಯಾಕೆಂದರೆ ನೋಟಿಸು ವಾಪಸ್ಸಾಗಲಿಲ್ಲ. 2025ರ ಜೂನ್‌ನಲ್ಲಿ "ದೇವನಹಳ್ಳಿ ಚಲೋ" ಮಾಡಿದವರನ್ನು ಪೊಲೀಸರು ಎತ್ತಿಕೊಂಡು ಹೋದರು. ಕೊನೆಗೆ ಜುಲೈ 15ಕ್ಕೆ ಸ್ವಾಧೀನ ಕೈಬಿಟ್ಟೆವು ಎಂದು ಸರ್ಕಾರ ಹೇಳಿತು, ಸ್ವಂತ ಇಷ್ಟದಿಂದ ಕೊಡುವವರ ಜಮೀನು ತಗೊಳ್ತೇವೆ ಅನ್ನುವ ಮಾತನ್ನೂ ಜೊತೆಗೆ ಸೇರಿಸಿತು. ಒಟ್ಟು 1,198 ದಿನ.

ಆ ಉದ್ಯೋಗ ಮಸೂದೆ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಹರಿಯಾಣದ ಅಂಥದೇ ಕಾನೂನನ್ನು ಹೈಕೋರ್ಟ್ 2023ರಲ್ಲಿ ರದ್ದು ಮಾಡಿತ್ತು, ಇದೂ ಕೋರ್ಟಿನಲ್ಲಿ ನಿಲ್ಲುವುದು ಕಷ್ಟವಿತ್ತು. ನನ್ನ ತಕರಾರು ಎರಡು ದಿನಕ್ಕೂ 1,198 ದಿನಕ್ಕೂ ಇರುವ ಅಂತರದ ಬಗ್ಗೆ. ಇದರಲ್ಲಿ ಲಂಚದ ಮಾತೇ ಇಲ್ಲ ನೋಡಿ. ಕಂಪನಿ "ನಾನು ಹೊರಟೆ" ಅನ್ನಬಹುದು, ರೈತ ತನ್ನ ಹೊಲವನ್ನು ಲಾರಿಗೆ ಹೇರಿಕೊಂಡು ಗಡಿ ದಾಟಲು ಆಗುವುದಿಲ್ಲ. ದೇವನಹಳ್ಳಿ ವಿಷಯದಲ್ಲೂ ಅದೇ ಲೋಕೇಶ್ "ನಮ್ಮಲ್ಲಿ ಜಾಗ ರೆಡಿ ಇದೆ" ಎಂದು ಏರೋಸ್ಪೇಸ್ ಕಂಪನಿಗಳನ್ನು ಕರೆದರು. ರೈತರನ್ನು ಯಾರೂ ಕರೆಯಲಿಲ್ಲ. ನಿಮ್ಮ ಚರಂಡಿಯೂ ಹಾಗೇ ಮೇಷ್ಟ್ರೇ, ಅದನ್ನು ವಿಶಾಖಪಟ್ಟಣಕ್ಕೆ ಕೊಂಡೊಯ್ಯುತ್ತೇನೆ ಎಂದು ಹೆದರಿಸಲು ಬರುವುದಿಲ್ಲ.

*ಚುನಾವಣಾ ಬಾಂಡ್ ರದ್ದಾಯಿತು ಅಂದರು. ಅದರಿಂದ ನಮ್ಮಂಥವರ ಜೇಬಿಗೆ ಏನು ಸಂಬಂಧ ಇತ್ತು? — ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ*

ಜೇಬಿಗೆ ಇದ್ದ ನೇರ ಸಂಬಂಧ ಮೊದಲು ಹೇಳಿಬಿಡುತ್ತೇನೆ ಕಣಮ್ಮ. ಪಕ್ಷಗಳಿಗೆ ದೇಣಿಗೆ ಕೊಡಲು ಮಾಡಿದ್ದ ಆ ಬಾಂಡ್ ಮುದ್ರಿಸುವ ಖರ್ಚು, ಬ್ಯಾಂಕಿನ ಕಮಿಷನ್ ಎರಡನ್ನೂ ಕೊಟ್ಟದ್ದು ಸರ್ಕಾರದ ಬೊಕ್ಕಸ, ಅಂದರೆ ನಾವು. ಕಂಪನಿ ಪಕ್ಷಕ್ಕೆ ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಬೇರೆ. ಮದುವೆ ಅವರದು, ಊಟ ಅವರದು, ಪೆಂಡಾಲ್ ಬಾಡಿಗೆ ಮಾತ್ರ ನಮ್ಮದು!

ಬಾಂಡ್ ಜಾರಿಗೆ ಬಂದದ್ದು 2018ರ ಜನವರಿಯಲ್ಲಿ. ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಇಷ್ಟವಾದ ಪಕ್ಷಕ್ಕೆ ಕೊಡುವುದು, ಪಕ್ಷ 15 ದಿನದೊಳಗೆ ಅದನ್ನು ಖಾತೆಗೆ ಹಾಕಿಕೊಳ್ಳುವುದು. ಯಾರು ಕೊಟ್ಟರು ಅಂತ ನಿಮಗೂ ನನಗೂ ಗೊತ್ತಾಗುವಂತಿರಲಿಲ್ಲ. 1,000 ರೂಪಾಯಿಯ ಬಾಂಡೂ ಇತ್ತು, ಸಾಮಾನ್ಯರೂ ಕೊಳ್ಳಲಿ ಅಂತ ಇರಬೇಕು ಪಾಪ, ಆದರೆ ಮಾರಾಟವಾದ ಮೊತ್ತದಲ್ಲಿ ಶೇ 90ಕ್ಕಿಂತ ಜಾಸ್ತಿ ಒಂದು ಕೋಟಿಯ ಬಾಂಡುಗಳೇ. ಒಟ್ಟು ಮಾರಾಟ 16,500 ಕೋಟಿ ರೂಪಾಯಿಗೂ ಹೆಚ್ಚು. ಇದಕ್ಕೆ ಮೊದಲು ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 7.5ರಷ್ಟು ಮಾತ್ರ ದೇಣಿಗೆ ಕೊಡಬಹುದಿತ್ತು. 2017ರಲ್ಲಿ ಆ ಮಿತಿಯನ್ನೇ ತೆಗೆದರು. ಅಂದರೆ ನಷ್ಟದಲ್ಲಿರುವ ಕಂಪನಿಯೂ ಕೋಟಿಗಟ್ಟಲೆ ಕೊಡಬಹುದು ಎಂದಾಯಿತು. ನಷ್ಟದಲ್ಲಿರುವ ಅಂಗಡಿಯವನು ಗಣೇಶನ ಹಬ್ಬದ ಚಂದಾ ಕೊಡುವಾಗಲೇ ನಾಲ್ಕು ಸಲ ಯೋಚನೆ ಮಾಡುತ್ತಾನೆ, ಅಲ್ವಾ?

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಈ ಯೋಜನೆಯನ್ನು ರದ್ದು ಮಾಡಿದರು. ಪಕ್ಷಗಳಿಗೆ ಹಣ ಎಲ್ಲಿಂದ ಬರುತ್ತದೆ ಅಂತ ತಿಳಿಯುವುದು ಮತದಾರನ ಹಕ್ಕು ಎಂದರು. ಕಂಪನಿ ಕೊಡುವ ದೇಣಿಗೆ ಶುದ್ಧ ವ್ಯಾಪಾರ, ಪ್ರತಿಫಲದ ಆಸೆಯಿಂದಲೇ ಕೊಡುವುದು ಎನ್ನುವ ಮಾತು ಆ ತೀರ್ಪಿನಲ್ಲೇ ಇದೆ. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅನ್ನುತ್ತೇವಲ್ಲ, ಇಲ್ಲಿ ಮಾತ್ರ ಕೊಟ್ಟವನು ಕೋಡಂಗಿಯಲ್ಲ.

ಬಾಂಡ್ ಯಾರು ಕೊಂಡರು, ಯಾವ ಪಕ್ಷಕ್ಕೆ ಹೋಯಿತು ಎಂಬ ಪಟ್ಟಿ ಕೊಡಲು ಜೂನ್ 30ರ ತನಕ ಸಮಯ ಬೇಕು ಎಂದು ಬ್ಯಾಂಕು ಕೇಳಿತು. ಕೋರ್ಟು ಗದರಿತು, ಮರುದಿನವೇ ಪಟ್ಟಿ ಬಂತು! ಅತಿ ಹೆಚ್ಚು ಬಾಂಡ್ ಕೊಂಡದ್ದು ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ, 1,368 ಕೋಟಿ. ಎರಡನೆಯದು ಹೈದರಾಬಾದಿನ ಮೇಘಾ ಎಂಜಿನಿಯರಿಂಗ್, 966 ಕೋಟಿ. ಸರ್ಕಾರಿ ಕಾಮಗಾರಿಗಳ ಗುತ್ತಿಗೆ ಹಿಡಿಯುವ ಕಂಪನಿ ಇದು. ನಮ್ಮ ಜೆಡಿಎಸ್‌ಗೆ ಬಂದ 89.75 ಕೋಟಿಯಲ್ಲಿ 50 ಕೋಟಿ ಮೇಘಾದ್ದೇ. ಬಿಹಾರದ ಜೆಡಿಯು ಕೊಟ್ಟ ವಿವರಣೆ ಇದೆಯಲ್ಲ, ಅದು ನನಗೆ ಅಚ್ಚುಮೆಚ್ಚು: 2019ರಲ್ಲಿ ಯಾರೋ ಪಟ್ನಾದ ಕಚೇರಿಗೆ ಬಂದು ಒಂದು ಲಕೋಟೆ ಕೊಟ್ಟು ಹೋದರಂತೆ, ಒಡೆದು ನೋಡಿದರೆ ಒಂದೊಂದು ಕೋಟಿಯ ಹತ್ತು ಬಾಂಡ್. ನಮ್ಮ ಮನೆಗೆ ಅಂಥ ಪೋಸ್ಟ್‌ಮ್ಯಾನ್ ಯಾಕೋ ಬರುವುದೇ ಇಲ್ಲ.

ಇಂಥ ಬಾಂಡಿಗೆ ಪ್ರತಿಯಾಗಿ ಇಂಥ ಗುತ್ತಿಗೆ ಸಿಕ್ಕಿತು ಅಂತ ಯಾವ ಕೋರ್ಟಿನಲ್ಲೂ ಸಾಬೀತಾಗಿಲ್ಲ. ವಿಶೇಷ ತನಿಖೆ ಬೇಕು ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟೇ 2024ರ ಆಗಸ್ಟ್‌ನಲ್ಲಿ ಒಪ್ಪಲಿಲ್ಲ. ಆದರೆ ರಸ್ತೆ, ನೀರಾವರಿ ಕಾಲುವೆ, ಔಷಧಿ ಮಾಡುವ ಕಂಪನಿಗಳೆಲ್ಲ ಆ ಪಟ್ಟಿಯಲ್ಲಿವೆ. ರಸ್ತೆ ಕಿತ್ತುಹೋದಾಗ ಗುತ್ತಿಗೆದಾರನನ್ನು ಕೇಳಬೇಕಾದವರು ಅವನಿಂದಲೇ ಹಣ ಪಡೆದವರಾಗಿದ್ದರೆ ಎಷ್ಟು ಗಟ್ಟಿಯಾಗಿ ಕೇಳುತ್ತಾರೆ? ನಿನ್ನ ಜೇಬಿನ ಸಂಬಂಧ ಇರುವುದು ಅಲ್ಲಿ.

*ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆ ಕೆಲಸ ಎಂಬ ಕಾನೂನು ಯಾರು ಕೇಳಿ ಬಂತು? ನಾವಂತೂ ಕೇಳಿರಲಿಲ್ಲ. — ಹೆಸರು ಬೇಡ ಎಂದವರು, ಪೀಣ್ಯ*

ನೀವು ಕೇಳಿರಲಿಲ್ಲ, ಕಂಪನಿಗಳು ಕೇಳಿದ್ದವು. 2023ರ ಫೆಬ್ರುವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಯನ್ನು ತಿದ್ದಿತು. ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು, ವಾರಕ್ಕೆ ಮಾತ್ರ ಹಿಂದಿನಂತೆ 48 ಗಂಟೆಯ ಮಿತಿ. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ 145 ಗಂಟೆ ಆಯಿತು. ಹೆಂಗಸರಿಗೆ ರಾತ್ರಿ ಪಾಳಿಯೂ ಬಂತು. ಆಪಲ್, ಫಾಕ್ಸ್‌ಕಾನ್ ಕಂಪನಿಗಳು ಇದಕ್ಕಾಗಿ ಲಾಬಿ ಮಾಡಿದ್ದವು ಎಂದು ಪತ್ರಿಕೆಗಳು ಬರೆದವು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕು ಎಂದು ಆ ತಿದ್ದುಪಡಿಯಲ್ಲಿತ್ತು ನಿಜ. ಗುತ್ತಿಗೆ ಮೇಲೆ ಇರುವ ಹುಡುಗ ಸೂಪರ್‌ವೈಸರ್ ಮುಂದೆ ನಿಂತು "ಒಪ್ಪಲ್ಲ ಸಾರ್" ಎಂದು ಬರೆದುಕೊಡುತ್ತಾನೆಯೇ, ನೀವೇ ಹೇಳಿ.

ಮುಂದಿನ ವರ್ಷ ಐಟಿಯವರಿಗೆ 14 ಗಂಟೆ ಎಂಬ ಪ್ರಸ್ತಾವ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಒತ್ತಡ ಕಂಪನಿಗಳಿಂದ ಬಂದದ್ದು ಎಂದು ಕಾರ್ಮಿಕ ಮಂತ್ರಿ ಸಂತೋಷ್ ಲಾಡ್ ಅವರೇ ಹೇಳಿದರು. ಆ ವರ್ಷ ಅದು ಕಾನೂನಾಗಲಿಲ್ಲ. ಐಟಿಯವರ ಕೂಗು ಬೇಗ ಕೇಳಿಸುತ್ತದೆ ಅನ್ನುವುದೂ ಇದರಲ್ಲಿದೆ, ಪೀಣ್ಯದವರ ಕೂಗು ಅಷ್ಟು ಬೇಗ ಮುಟ್ಟಲಿಲ್ಲ.

*ಎಲ್ಲ ಪಕ್ಷದವರೂ ಒಂದೇನಾ? — ಹುಬ್ಬಳ್ಳಿ*

12 ಗಂಟೆ ತಂದದ್ದು ಬಿಜೆಪಿ ಸರ್ಕಾರ, ಎರಡು ದಿನಕ್ಕೆ ಮಸೂದೆ ತಡೆಹಿಡಿದದ್ದು ಕಾಂಗ್ರೆಸ್ ಸರ್ಕಾರ, 50 ಕೋಟಿ ಜೆಡಿಎಸ್‌ಗೆ. ಒಂದೇ ಅಲ್ಲ, ಪಾಲು ಬೇರೆ ಬೇರೆ. 2019ರ ಏಪ್ರಿಲ್‌ನಿಂದ ಈಚೆಗಿನ ಬ್ಯಾಂಕಿನ ಪಟ್ಟಿ ನೋಡಿದರೆ ಬಾಂಡಿನಲ್ಲಿ ಬಿಜೆಪಿಗೆ ಸಿಕ್ಕಿದ್ದು ಸುಮಾರು 6,000 ಕೋಟಿ, ಕಾಂಗ್ರೆಸ್‌ಗೆ ಸುಮಾರು 1,400.

*ನಮ್ಮ ಎರಡೂವರೆ ಎಕರೆಗೆ ಕೆಐಎಡಿಬಿ ನೋಟಿಸು ಬಂದಿದೆ. ದೊಡ್ಡವರ ಎದುರು ನಾವೇನು ಮಾಡೋಕಾಗುತ್ತೆ ಅಂತ ಮನೆಯಲ್ಲಿ ಸುಮ್ನೆ ಕೂತಿದ್ದಾರೆ. — ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಓದುಗರು*

ಸುಮ್ನೆ ಕೂರಬೇಡಿ, ಅದೊಂದೇ ಮಾಡಬಾರದ ಕೆಲಸ. ಆ ಮಂಡಳಿಯ ಕೆಐಎಡಿ ಕಾಯ್ದೆಯ ಸೆಕ್ಷನ್ 28(1) ಅಂದರೆ ಮೊದಲ ಅಧಿಸೂಚನೆ, ಸ್ವಾಧೀನ ಆಯಿತು ಅಂತ ಅಲ್ಲ. 28(2)ರ ನೋಟಿಸು ನಿಮ್ಮ ಕೈಗೆ ಬಂದ ದಿನದಿಂದ 30 ದಿನದೊಳಗೆ ಆಕ್ಷೇಪಣೆ ಕೊಡಬಹುದು. ಅದನ್ನು ಅವರು ವಿಚಾರಣೆ ಮಾಡಲೇಬೇಕು. 28(4) ಬಂದರೆ ಮಾತ್ರ ಅಂತಿಮ. ಆಕ್ಷೇಪಣೆ ಬರೆದು ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಪಹಣಿ, ಬೆಳೆ ವಿವರ, ಬೋರ್‌ವೆಲ್, ಮರಗಳ ಲೆಕ್ಕ ಜೊತೆಗಿಡಿ. ಅಕ್ಕಪಕ್ಕದ ಹೊಲದವರೂ ಅದೇ ವಾರ ಕೊಡುವಂತೆ ನೋಡಿಕೊಳ್ಳಿ. ಒಬ್ಬರ ಅರ್ಜಿ ಫೈಲಿನಲ್ಲಿ ಮಲಗುತ್ತದೆ, ಇಡೀ ಊರಿನದು ಅಷ್ಟು ಸುಲಭಕ್ಕೆ ಮಲಗುವುದಿಲ್ಲ. ಆ ಜಾಗ ಯಾವ ಕಂಪನಿಗೆ ಎಂದು ಆರ್‌ಟಿಐ ಅರ್ಜಿಯಲ್ಲಿ ಕೇಳಿ. ಆ ಕಂಪನಿ ಪಕ್ಷಗಳಿಗೆ ದೇಣಿಗೆ ಕೊಟ್ಟಿದೆಯೇ ಎಂಬುದನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ಕೊಡುವ 20,000 ರೂಪಾಯಿ ಮೇಲ್ಪಟ್ಟ ದೇಣಿಗೆಗಳ ಪಟ್ಟಿಯಲ್ಲಿ ಹುಡುಕಬಹುದು. ಅದು ಆಯೋಗದ ವೆಬ್‌ಸೈಟಿನಲ್ಲಿದೆ, ಮಕ್ಕಳ ಕೈಲಿ ತೆಗೆಸಿ.

ಅದಕ್ಕೂ ಮೊದಲು ನೋಟಿಸು ಕೈಗೆ ಬಂದ ತಾರೀಕು ಯಾವುದು ನೋಡಿ. ನಿಮ್ಮ ಕಾಗದ ನಮಗೆ ತಲುಪಿ ಆಗಲೇ ಹನ್ನೊಂದು ದಿನ ಆಗಿದೆ.